ವೀರಭದ್ರನ ಖಡ್ಗ ಮತ್ತು ಕಮ್ಮಾರ ಪರಂಪರೆ: ಒಂದು ವಿವೇಚನೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ವೀರಭದ್ರನ ಆರಾಧನೆ ಆಳವಾಗಿ ಬೇರೂರಿದೆ. ಜಗಳೂರು ಸೀಮೆಯ ಕೊಡದಗುಡ್ಡ ಇದಕ್ಕೊಂದು ಪ್ರಸಿದ್ಧ ನಿದರ್ಶನ. ವೀರಗಾಸೆ, ಪುರವಂತಿಕೆಗಳ ವೇಷಭೂಷಣ, ಕುಣಿತದ ಗತ್ತು, ದಕ್ಷಯಜ್ಞದ ಕಥನ, ಖಡ್ಗ ಝಳಪಿಸುತ್ತ ಹೇಳುವ ಒಡಪು ಇವೆಲ್ಲ ಜಾನಪದ ವಿದ್ವಾಂಸರ ಗಮನ ಸೆಳೆದಿವೆ. ಆದರೆ ಆ ಖಡ್ಗವನ್ನು ಬಡಿದವನಾರು, ಅದಕ್ಕೆ ಹದ ಕೊಟ್ಟ ಬಗೆ ಯಾವುದು ಎಂಬ ಪ್ರಶ್ನೆ ಬಹುಮಟ್ಟಿಗೆ ಕೇಳಲ್ಪಟ್ಟಿಲ್ಲ. ಖಡ್ಗವನ್ನು ಸಂಕೇತವೆಂದು ಓದಿದ ಅಧ್ಯಯನಕ್ರಮ ಅದನ್ನು ವಸ್ತುವೆಂದು ಕಾಣದೆ ಹೋಯಿತು.

ಈ ಮರೆವು ಇಂದಿನದಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ, 11ನೆಯದರಲ್ಲಿ ಜಗಳೂರಿನ ಶಾಸನಗಳಿವೆ. ಅಂದು ಹೊನ್ನಾಳಿಗೆ ಸೇರಿದ್ದು ಇಂದು ನ್ಯಾಮತಿ ತಾಲ್ಲೂಕಿನಲ್ಲಿರುವ ಬೆಳಗುತ್ತಿಯು ಸಿಂದರ ನೆಲೆಯಾಗಿತ್ತು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಮಡಿದ ವೀರನ ಹೆಸರು, ಆಳಿದ ಅರಸನ ಹೆಸರು, ಕೆಲವೆಡೆ ಕಲ್ಲು ಕಂಡರಿಸಿದ ರೂವಾರಿಯ ಹೆಸರೂ ದೊರೆಯುತ್ತದೆ. ವೀರನ ಕೈಯ ಕತ್ತಿಯೂ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಮಾಡಿದವನ ಸುಳಿವು ಮಾತ್ರ ಸಿಗದು. ಪಾಂಚಾಳ ಪರಂಪರೆಯ ಐವರಲ್ಲಿ ಮೊದಲು ಎಣಿಸುವುದು ಕಬ್ಬಿಣದ ಕೆಲಸದ ಮನುವನ್ನು. ಮೊದಲಿಗನೇ ಹೆಸರಿಲ್ಲದವನಾದದ್ದು ವಿಚಿತ್ರ.

ಕಮ್ಮಾರನನ್ನು ಮಾತನಾಡಿಸಿದವರು ಪರದೇಶದವರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣ, ಉಕ್ಕಿನ ಕುಲುಮೆಗಳ ಬಳಿ ನಿಂತು ತಿದಿ, ಇದ್ದಿಲು, ಕೆಲಸಗಾರರ ಕೂಲಿಗಳನ್ನೂ ಬರೆದುಕೊಂಡನು. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆ, ಹಸಿ ಎಲೆಗಳನ್ನಿಟ್ಟು ಬಾಯಿ ಮುಚ್ಚಿ ಕಾಯಿಸಿದರೆ ಕಟ್ಟಿಗೆಯ ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್, ಅನಂತರ ಮೈಕೆಲ್ ಫ್ಯಾರಡೆ ಪರೀಕ್ಷಿಸಿದ ‘ವೂಟ್ಸ್’ ಇದೇ. ಆ ಪದ ‘ಉಕ್ಕು’ ಎಂಬುದರಿಂದಲೇ ಬಂದುದೆಂಬುದು ವಿದ್ವಾಂಸರ ಪ್ರಬಲ ಅಭಿಪ್ರಾಯ. ಹಾಗೆಂದು ಈ ನಾಲ್ಕು ತಾಲ್ಲೂಕುಗಳ ಹಳೆಯ ಖಡ್ಗಗಳೆಲ್ಲ ಮೂಸೆಯುಕ್ಕಿನವೆಂದು ಸಾರುವುದು ಅವಸರದ ಮಾತಾದೀತು. ಪೂಜೆಯ ಖಡ್ಗದ ಅಂಚನ್ನು ತುಸು ಕೆರೆದು ನೋಡಲು ಪುರವಂತರ ಮನೆಯವರು ಒಪ್ಪುವುದೂ ಸುಲಭವಲ್ಲ.

ಇಲ್ಲಿ ಜಪಾನಿನ ಹೋಲಿಕೆ ಉಪಯುಕ್ತ. ಅಲ್ಲಿ 1876ರಲ್ಲಿ ಖಡ್ಗಧಾರಣೆ ನಿಷೇಧಗೊಂಡಿತು. ಎರಡೇ ವರ್ಷಗಳಲ್ಲಿ, 1878ರಲ್ಲಿ, ಭಾರತದಲ್ಲಿ ಶಸ್ತ್ರಾಸ್ತ್ರ ಕಾಯಿದೆ ಬಂದಿತು. ಎರಡೂ ನಾಡುಗಳಲ್ಲಿ ಖಡ್ಗ ಯುದ್ಧವನ್ನು ಬಿಟ್ಟು ಪೂಜೆಗೆ ಸರಿಯಿತು. ಆದರೆ ಜಪಾನಿನಲ್ಲಿ ಕಸುಬು ಉಳಿಯಿತು. ಹಿಡಿಯೊಳಗೆ ಅಡಗುವ ಲೋಹದ ಬಾಲದ ಮೇಲೆ ಕಮ್ಮಾರ ತನ್ನ ಹೆಸರು ಕೆತ್ತುವ ರೂಢಿ ಅಲ್ಲಿತ್ತು. ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಕರಗಿಸುವ ‘ತತಾರ’ ಕುಲುಮೆಯನ್ನು 1977ರಲ್ಲಿ ಶಿಮಾನೆ ಪ್ರಾಂತದಲ್ಲಿ ಮತ್ತೆ ಹೊತ್ತಿಸಲಾಯಿತು. ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವಾಗ ದೇವರ ಖಡ್ಗಗಳನ್ನೂ ಹೊಸದಾಗಿಯೇ ಮಾಡಿಸುತ್ತಾರೆ. 2013ರಲ್ಲಿಯೂ ಹಾಗೆಯೇ ನಡೆಯಿತು.

ನಮ್ಮಲ್ಲಿ ಪಾವಿತ್ರ್ಯವಿರುವುದು ಹಳೆಯದರಲ್ಲಿ. ಅಜ್ಜನ ಖಡ್ಗವೇ ಮೊಮ್ಮಗನ ಕೈಗೆ ಬರಬೇಕು. ವಿಭೂತಿ, ಕುಂಕುಮಗಳು ಅದರ ಮೇಲೆ ಏರುತ್ತ ಹೋಗಬೇಕು. ಹೊಸತನ್ನು ಬೇಡದ ಈ ಭಕ್ತಿಯೇ ಕಮ್ಮಾರನಿಂದ ಖಡ್ಗದ ಕೆಲಸವನ್ನು ಕಸಿದುಕೊಂಡಿತೆನ್ನಬೇಕಾಗುತ್ತದೆ. ವಿಲಾಯಿತಿಯ ಅಗ್ಗದ ಕಬ್ಬಿಣ, ಕಾಡಿನ ಇದ್ದಿಲಿಗೆ ಬಿದ್ದ ತಡೆಗಳು ಉಳಿದುದನ್ನು ಮುಗಿಸಿದವು. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಊದುಕುಲುಮೆ ಹೊತ್ತುವ ವೇಳೆಗೆ ನಾಟಿ ಉಕ್ಕಿನ ಕಾಲ ಮುಗಿದಿತ್ತು.

ಆದರೂ ಕುಲುಮೆ ಪೂರ್ತಿ ಆರಿಲ್ಲ. ಸುಗ್ಗಿಯ ಆಯಕ್ಕೆ ಕುಳ ತಟ್ಟಿಕೊಡುತ್ತಿದ್ದವರ ಪೀಳಿಗೆ ಈಗ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಕುಡುಗೋಲು, ಮಚ್ಚು ಮಾಡುತ್ತದೆ. ಕಾದ ಅಲಗಿನ ಬಣ್ಣ ನೋಡಿ ನೀರು ಕುಡಿಸುವ ಕ್ಷಣವನ್ನು ಗುರುತಿಸುವ ಕಣ್ಣು ಅವರಲ್ಲಿ ಇನ್ನೂ ಇದೆ. ಹೊಲಕ್ಕೂ ಪಾಕಕ್ಕೂ ಉಕ್ಕಿಗೂ ಕನ್ನಡ ಬಳಸುವ ‘ಹದ’ ಎಂಬ ಒಂದೇ ಮಾತಿನೊಳಗೆ ಆ ಕಣ್ಣು ಕಾಣುವ ಬಣ್ಣಗಳೆಷ್ಟು, ಅವುಗಳ ಹೆಸರುಗಳೇನು ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಕುಲುಮೆಗಳಲ್ಲಿ ಕುಳಿತು ಬರೆದುಕೊಳ್ಳಲು, ಒಡಪಿನ ಸಂಗ್ರಹಕ್ಕೆ ಬೇಕಾದಷ್ಟೇ ತಾಳ್ಮೆ ಸಾಕು.