‘ಪಾಪ’ ಎಂಬ ತೀರ್ಪು

2021ರ ಜುಲೈ 26, ಸೋಮವಾರ. ವಿಧಾನಸೌಧದಲ್ಲಿ ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭ ನಡೆದಿತ್ತು. ಮಾತಿಗೆ ನಿಂತ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ತಮ್ಮ ಹಳೆಯ ದಿನಗಳನ್ನು ನೆನೆಯುತ್ತ ಗದ್ಗದಿತರಾದರು. ತಮ್ಮ ಬದುಕು ಹೆಜ್ಜೆಹೆಜ್ಜೆಗೂ ಅಗ್ನಿಪರೀಕ್ಷೆ ಎಂದರು. ಊಟ ಮುಗಿಸಿ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಡುವುದಾಗಿ ಹೇಳಿದರು. ಟಿವಿ ವಾಹಿನಿಗಳು ಆ ಕಣ್ಣೀರನ್ನು ದಿನವಿಡೀ ತೋರಿಸಿದವು. ಅವರ ಕ್ಷೇತ್ರ ಶಿಕಾರಿಪುರದಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದವು. ಚಹಾದಂಗಡಿಯ ಬೆಂಚುಗಳ ಮೇಲೆ, ಬಸ್ಸಿನ ಸೀಟುಗಳಲ್ಲಿ, ಅವರ ಪಕ್ಷವಾದ ಬಿಜೆಪಿಗೆ ಎಂದೂ ಮತ ಹಾಕದವರ ಬಾಯಲ್ಲೂ ಬಂದ ಮಾತು ಒಂದೇ: ಪಾಪ.

ಈ ಪದವನ್ನು ಹಗುರವಾಗಿ ಕಾಣುವಂತಿಲ್ಲ. ಬಿದ್ದವನಿಗೆ ಕಲ್ಲು ಹೊಡೆಯದಿರುವುದು ನಮ್ಮ ನಾಡಿನ ಒಳ್ಳೆಯ ಗುಣ. 78ರ ಹಿರಿಯರೊಬ್ಬರು, ಸೈಕಲ್ ತುಳಿದು ಪಕ್ಷ ಕಟ್ಟಿದವರು, ವೇದಿಕೆಯ ಮೇಲೆ ಅಳುವುದನ್ನು ಕಂಡು ಮರುಗದವರು ಯಾರು? ಮರುಕದಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಮರುಕವೇ ತೀರ್ಪಾಗಿ ನಿಂತಾಗ. ಕರ್ನಾಟಕದಲ್ಲಿ ಮುಖ್ಯಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟಾಗಲೆಲ್ಲ ಜನ ಮೊದಲು ಕೇಳುವುದು ‘ಕೊಟ್ಟರೋ, ಕೊಡಿಸಿದರೋ’ ಎಂದು. ಕೊಡಿಸಿದರು ಎಂಬುದು ಖಾತ್ರಿಯಾದ ಕೂಡಲೇ ವಿಚಾರಣೆ ಮುಗಿಯುತ್ತದೆ. ಯಾಕೆ ಕೊಡಿಸಿದರು, ಕುರ್ಚಿಯಲ್ಲಿ ಕುಳಿತಿದ್ದಷ್ಟು ದಿನ ಅವರು ಮಾಡಿದ್ದೇನು ಎಂಬ ಎರಡು ಪ್ರಶ್ನೆಗಳು ಆ ಗದ್ದಲದಲ್ಲಿ ಮರೆಗೆ ಸರಿಯುತ್ತವೆ.

2021ರಲ್ಲಿ ನಡೆದದ್ದೂ ಅದೇ. ರಾಜೀನಾಮೆಗೆ ಮುಂಚಿನ ದಿನಗಳಲ್ಲಿ ಮುಖ್ಯಮಂತ್ರಿಗಳ ನಿವಾಸ ‘ಕಾವೇರಿ’ಯ ಮುಂದೆ ಮಠಾಧೀಶರ ಕಾರುಗಳು ಸಾಲುಗಟ್ಟಿದವು. ಜುಲೈ 25ರಂದು ಅರಮನೆ ಮೈದಾನದಲ್ಲಿ ನಾಡಿನ ನಾನಾ ಕಡೆಯ ಸ್ವಾಮೀಜಿಗಳು ಸಮಾವೇಶವನ್ನೇ ನಡೆಸಿದರು. ಬಂದವರಲ್ಲಿ ಹೆಚ್ಚಿನವರು ವೀರಶೈವ-ಲಿಂಗಾಯತ ಮಠಗಳವರಾದರೂ ಬೇರೆ ಸಮುದಾಯಗಳ ಮಠದವರೂ ಇದ್ದರು. ಚುನಾಯಿತ ಸರ್ಕಾರದ ಮುಖ್ಯಸ್ಥ ಉಳಿಯಬೇಕೋ ಹೋಗಬೇಕೋ ಎಂಬ ಮಾತು ಶಾಸಕರ ಸಭೆಯಿಂದ ಹೊರಬಂದು ಪೀಠಗಳ ಅಂಗಳಕ್ಕೆ ಹೋಯಿತು. ಶಾಲೆ, ಹಾಸ್ಟೆಲು, ದಾಸೋಹಗಳ ಮೂಲಕ ಸರ್ಕಾರಗಳಿಗಿಂತ ಮೊದಲೇ ಬಡ ಮಕ್ಕಳ ಕೈ ಹಿಡಿದ ಮಠಗಳ ಋಣ ನಾಡಿನ ಮೇಲಿದೆ. ಆ ಋಣದ ಭಾರವನ್ನು ಒಬ್ಬ ವ್ಯಕ್ತಿಯ ಕುರ್ಚಿಯ ಕೆಳಗಿಟ್ಟದ್ದು ತಪ್ಪು. ರಾಜ್ಯದ ಬಜೆಟ್ಟಿನಿಂದ ಅನುದಾನ ಪಡೆಯುವ ಸಂಸ್ಥೆಗಳ ಮುಖ್ಯಸ್ಥರು ಅದೇ ಬಜೆಟ್ ಮಂಡಿಸುವವರ ಪರವಾಗಿ ಸಭೆ ಸೇರಿದಾಗ, ಅದನ್ನು ಜನಾಭಿಪ್ರಾಯ ಎಂದು ಒಪ್ಪುವುದು ಕಷ್ಟ.

ಆ ಬೇಸಿಗೆ ಎಂಥದಾಗಿತ್ತು ಎಂಬುದನ್ನೂ ನೆನೆಯಬೇಕು. ಕೋವಿಡ್ ಎರಡನೇ ಅಲೆ ಆಗಷ್ಟೇ ಇಳಿದಿತ್ತು. ರಾಜೀನಾಮೆಗೆ ಮೂರು ತಿಂಗಳೂ ಹಿಂದಿಲ್ಲ, ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ಸತ್ತಿದ್ದರು. ಆಮ್ಲಜನಕ ಇಲ್ಲದೆ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ನಾಯಕತ್ವ ಬದಲಾವಣೆಯ ಚರ್ಚೆ ಕಾವೇರಿದ ಜುಲೈನಲ್ಲಿ, ಆ ಆಸ್ಪತ್ರೆಯ ಹೊಣೆ ಯಾರದೆಂಬುದು ಚರ್ಚೆಯ ಕೇಂದ್ರಕ್ಕೆ ಬರಲೇ ಇಲ್ಲ. ಬಂದದ್ದು ವಯಸ್ಸು, ಸಮುದಾಯ, ದೆಹಲಿಯ ಮುನಿಸು, ಮಕ್ಕಳ ಭವಿಷ್ಯ.

ಅದೇ ಚಾಮರಾಜನಗರ ಜಿಲ್ಲೆಯಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ನಾಯಕನ ರಾಜೀನಾಮೆಯ ಸುದ್ದಿಗೆ ನೊಂದು ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. ಯಡಿಯೂರಪ್ಪನವರು ಆ ಮನೆಗೆ ಹೋಗಿ ಸಾಂತ್ವನ ಹೇಳಿದರು; ಯಾರೂ ಇಂಥ ದಾರಿ ಹಿಡಿಯಬಾರದೆಂದು ಕೇಳಿಕೊಂಡರು. ಅವರು ಹಾಗೆ ಹೋದದ್ದು ಸರಿಯಾದ ಕೆಲಸ. ಆದರೆ ನಾಯಕನೊಬ್ಬನ ಪದವಿ ಹೋದದ್ದನ್ನು ಮನೆಯ ಸಾವಿನಂತೆ ದಿನವಿಡೀ ಬಿತ್ತರಿಸಿದ ವಾಹಿನಿಗಳು, ‘ಅನ್ಯಾಯ’ ಎಂಬ ಪದವನ್ನು ಲೆಕ್ಕವಿಲ್ಲದೆ ಬಳಸಿದ ಭಾಷಣಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಅಲ್ಲಿ ಉಳಿದುಕೊಂಡಿದೆ.

ಈ ಅನುಕಂಪದ ಚರಿತ್ರೆ ಹಳೆಯದು. 1990ರ ಅಕ್ಟೋಬರ್ ಎಂದರೆ ಉತ್ತರ ಕರ್ನಾಟಕದ ಹಿರಿಯರಿಗೆ ಇಂದಿಗೂ ಒಂದು ವಿಮಾನ ನಿಲ್ದಾಣ ನೆನಪಾಗುತ್ತದೆ. ಹಿಂದಿನ ವರ್ಷವಷ್ಟೇ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತ್ತು. ಪಾಟೀಲರು ಕಾಯಿಲೆ ಬಿದ್ದಿದ್ದರು, ಚನ್ನಪಟ್ಟಣ, ದಾವಣಗೆರೆ ಮೊದಲಾದ ಕಡೆ ಕೋಮುಗಲಭೆ ಎದ್ದಿತ್ತು. ಬಂದು ನೋಡಿದ ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿ ದೆಹಲಿಗೆ ಮರಳುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾಗುತ್ತದೆ ಎಂದು ಪ್ರಕಟಿಸಿದರು. ಪಾಟೀಲರು ಸುಲಭಕ್ಕೆ ಬಗ್ಗಲಿಲ್ಲ. ರಾಜ್ಯ ಒಂದು ವಾರ ರಾಷ್ಟ್ರಪತಿ ಆಳ್ವಿಕೆ ಕಂಡಿತು. ಅಕ್ಟೋಬರ್ 17ರಂದು ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು. 1994ರ ಚುನಾವಣೆಯಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಕುಸಿಯಿತು. ಅಂದಿನಿಂದ ಇಂದಿನವರೆಗೆ ‘ಹಾಸಿಗೆ ಹಿಡಿದ ಲಿಂಗಾಯತ ನಾಯಕನನ್ನು ವಿಮಾನ ನಿಲ್ದಾಣದಲ್ಲಿ ಇಳಿಸಿದರು, ಸಮುದಾಯ ಪಾಠ ಕಲಿಸಿತು’ ಎಂಬ ಕಥೆ ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಹೇಳಲ್ಪಡುತ್ತಿದೆ.

ಕಥೆಯಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಆ ಘಟನೆಯಾಗಿ ವರ್ಷ ತುಂಬುವ ಮೊದಲೇ, 1991ರ ಲೋಕಸಭಾ ಚುನಾವಣೆಯಲ್ಲಿ, ಕರ್ನಾಟಕದ 28 ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೇ ಹೋದವು. ಆ ಚುನಾವಣೆಯ ನಡುವೆ ರಾಜೀವ್ ಹತ್ಯೆಯಾಗಿತ್ತು. ಅವಮಾನ ಮಾಡಿದವರೆಂದು ಜನ ಯಾರ ಮೇಲೆ ಸಿಟ್ಟಾಗಿದ್ದರೋ ಅವರಿಗಾಗಿಯೇ ಮರುಗಿದರು. 1994ರ ಸೋಲಿಗೂ ವಿಮಾನ ನಿಲ್ದಾಣವೊಂದೇ ಕಾರಣವಲ್ಲ. ಬಂಗಾರಪ್ಪನವರೂ ಅಧಿಕಾರ ಬಿಟ್ಟು, ಪಕ್ಷ ತೊರೆದು, ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿ ಹತ್ತು ಸ್ಥಾನ ಗೆದ್ದಿದ್ದರು. ಹುಬ್ಬಳ್ಳಿ ಈದ್ಗಾ ಮೈದಾನದ ಗೋಲಿಬಾರ್ ಆಗಿತ್ತು. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ ಜನರಿಗೆ ಸಾಕಾಗಿತ್ತು. ಗೆದ್ದ ಜನತಾದಳ ಮುಖ್ಯಮಂತ್ರಿ ಮಾಡಿದ್ದು ಎಚ್.ಡಿ. ದೇವೇಗೌಡರನ್ನು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ನೇತೃತ್ವದಲ್ಲಿ ಕಾಂಗ್ರೆಸ್ 132 ಸ್ಥಾನಗಳೊಂದಿಗೆ ಮರಳಿ ಬಂತು. ಇಷ್ಟೆಲ್ಲ ತಿರುವುಗಳಿದ್ದರೂ ರಾಜಕಾರಣಿಗಳಿಗೂ ಪತ್ರಿಕೆಗಳಿಗೂ ನೆನಪಿರುವುದು ಒಂದು ನಿಲ್ದಾಣ, ಒಂದು ಜಾತಿ. ಮತದಾರರನ್ನು ಹೀಗೆ ಒಂದೇ ಗಾಯದ ಮೇಲೆ ಬದುಕುವವರೆಂದು ಬಗೆಯುವುದು ಅವರಿಗೆ ಮಾಡುವ ಅವಮಾನ.

ಬೇರೆ ಬಗೆಯ ಪ್ರತಿಕ್ರಿಯೆಗೆ ನಮ್ಮಲ್ಲೇ ಉದಾಹರಣೆಯಿದೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ ಜನತಾ ಪಕ್ಷ ಗೆದ್ದದ್ದು ನಾಲ್ಕೇ ಸ್ಥಾನ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರ ವಿಧಾನಸಭೆಯಲ್ಲಿ ಬಿದ್ದಿರಲಿಲ್ಲ. ಆದರೂ ಜನರ ವಿಶ್ವಾಸ ತಮಗಿದೆಯೇ ಎಂದು ಕೇಳಿಯೇಬಿಡೋಣವೆಂದು ಅವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. ಅದರಲ್ಲಿ ನೈತಿಕತೆ ಎಷ್ಟು, ಲೆಕ್ಕಾಚಾರ ಎಷ್ಟು ಎಂಬ ವಾದ ಇಂದಿಗೂ ಇದೆ. ಎರಡೂ ಇದ್ದವು ಎನ್ನುವುದೇ ಸರಿ. ಮುಖ್ಯವಾದದ್ದು ಜನ ಅದನ್ನು ತೆಗೆದುಕೊಂಡ ಬಗೆ. ಮೂರು ತಿಂಗಳ ಹಿಂದೆ ದೆಹಲಿಗೆಂದು ಕಾಂಗ್ರೆಸ್ಸಿಗೆ ಮತ ಹಾಕಿದ್ದ ಅದೇ ಮತದಾರರು 1985ರ ಮಾರ್ಚಿನಲ್ಲಿ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಹೆಗಡೆಯವರ ಕೈಗಿತ್ತರು. ಅಲ್ಲಿ ಮರುಕಕ್ಕೆ ಜಾಗವೇ ಇರಲಿಲ್ಲ. ಅವರನ್ನು ಯಾರೂ ತಳ್ಳಿರಲಿಲ್ಲ. ಪಂಚಾಯತ್ ವ್ಯವಸ್ಥೆಯ ಮಾತು, ಸಚಿವ ನಜೀರ್ ಸಾಬರು ಕೊರೆಸಿದ ಬೋರ್‌ವೆಲ್ಲು, ಆಡಳಿತದ ನಡೆ, ಇವನ್ನೆಲ್ಲ ಮುಂದಿಟ್ಟುಕೊಂಡು ಜನ ತೂಗಿ ನೋಡಿದರು. ರಾಜ್ಯದ ಚುನಾವಣೆ ಬೇರೆ, ದೇಶದ್ದು ಬೇರೆ ಎಂಬ ವಿವೇಕವನ್ನು ಕರ್ನಾಟಕ ಅಷ್ಟು ಸ್ಪಷ್ಟವಾಗಿ ಮೊದಲ ಬಾರಿ ತೋರಿಸಿದ್ದು ಆಗ.

ಹೆಗಡೆಯವರ ಮುಂದಿನ ರಾಜೀನಾಮೆಗಳು ಆ ಎತ್ತರದಲ್ಲಿ ನಿಲ್ಲಲಿಲ್ಲ. 1986ರ ಫೆಬ್ರವರಿಯಲ್ಲಿ, ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟ್ ಟೀಕಿಸಿದಾಗ ರಾಜೀನಾಮೆ ಕೊಟ್ಟು ಮೂರೇ ದಿನದಲ್ಲಿ ಹಿಂದಕ್ಕೆ ಪಡೆದರು. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದ ಮೇಲೆ ಕೆಳಗಿಳಿದರು. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತು ಇವೆರಡರ ನಡುವೆ ತೆಳ್ಳಗಾಯಿತು. ಆದರೂ ಆರೋಪ ಬಂದರೆ ಪದವಿ ಬಿಡಬೇಕೆಂಬ ನಿರೀಕ್ಷೆಯನ್ನು ಹುಟ್ಟಿಸಿದ್ದು ಅವರ ಕಾಲ ಎಂಬುದನ್ನು ಮರೆಯಬಾರದು.

ಇನ್ನೊಂದು ಉದಾಹರಣೆ ಪಕ್ಕದ ಆಂಧ್ರದ್ದು. 1984ರ ಆಗಸ್ಟ್ 16ರಂದು ರಾಜ್ಯಪಾಲ ರಾಮಲಾಲ್ ಅವರು ಎನ್.ಟಿ. ರಾಮರಾವ್ ಸರ್ಕಾರವನ್ನು ವಜಾ ಮಾಡಿ ನಾದೆಂಡ್ಲ ಭಾಸ್ಕರರಾವ್ ಅವರನ್ನು ಕುರ್ಚಿಗೆ ಕೂರಿಸಿದರು. ರಾಮರಾವ್ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗಷ್ಟೇ ಮರಳಿದ್ದರು. ಅಯ್ಯೋ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ತೆಲುಗರು ಅಷ್ಟಕ್ಕೇ ನಿಲ್ಲಲಿಲ್ಲ. ಬಹುಮತ ಯಾರ ಬಳಿ ಇದೆ, ಲೆಕ್ಕ ಹಾಕಿ ಎಂದು ಬೀದಿಗಿಳಿದರು. ರಾಮರಾವ್ ಅವರ ಶಾಸಕರು ದೆಹಲಿಗೆ ಹೋಗಿ ರಾಷ್ಟ್ರಪತಿಯ ಮುಂದೆ ನಿಂತರು. ಆ ಶಾಸಕರಿಗೆ ನಂದಿ ಬೆಟ್ಟದಲ್ಲಿ ಆಶ್ರಯ ಸಿಕ್ಕಿದ್ದು ಹೆಗಡೆಯವರ ಕರ್ನಾಟಕದಲ್ಲೇ. ಸೆಪ್ಟೆಂಬರ್ 16ಕ್ಕೆ, ಸರಿಯಾಗಿ ಒಂದು ತಿಂಗಳಿಗೆ, ರಾಮರಾವ್ ಮತ್ತೆ ಮುಖ್ಯಮಂತ್ರಿಯಾದರು. ಜನರ ಸಿಟ್ಟು ಸಂವಿಧಾನದ ಪ್ರಶ್ನೆಯನ್ನು ಕೈಬಿಡದೆ ಹಿಡಿದದ್ದರಿಂದಲೇ ಅದು ಸಾಧ್ಯವಾಯಿತು.

ಈ ಹಿನ್ನೆಲೆಯಲ್ಲಿ 2011ರ ಜುಲೈ ಇನ್ನಷ್ಟು ನೋವು ತರುತ್ತದೆ. ಅಂದು ಪ್ರಶ್ನೆ ಕಣ್ಣ ಮುಂದೆಯೇ ಇತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ 16,085 ಕೋಟಿ ರೂಪಾಯಿ ನಷ್ಟದ ಲೆಕ್ಕ ಕೊಟ್ಟಿತ್ತು. ಬಳ್ಳಾರಿಯ ಕೆಂಪು ಧೂಳು, ಬೇಲೆಕೇರಿ ಬಂದರಿನಿಂದ ಮಾಯವಾದ ಅದಿರು ಎಲ್ಲರಿಗೂ ಗೊತ್ತಿತ್ತು. ಆಗಲೂ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಜುಲೈ 31ರಂದು ರಾಜೀನಾಮೆ ಕೊಟ್ಟರು. ಕೆಲವೇ ವಾರಗಳಲ್ಲಿ ಮಾತು ಗಣಿಯಿಂದ ಸರಿದು ‘ನಮ್ಮವರನ್ನು ತುಳಿದರು’ ಎಂಬಲ್ಲಿಗೆ ಬಂತು. ಅವರು ಪಕ್ಷ ಬಿಟ್ಟು ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದರು. 2013ರಲ್ಲಿ ಅದು ಗೆದ್ದದ್ದು ಆರೇ ಸ್ಥಾನವಾದರೂ ಬಿಜೆಪಿಯನ್ನು 110ರಿಂದ 40ಕ್ಕೆ ಇಳಿಸುವಷ್ಟು ಮತ ಒಡೆಯಿತು. 2014ರಲ್ಲಿ ಮರಳಿ ಬಿಜೆಪಿಗೆ ಬಂದು ಶಿವಮೊಗ್ಗದಿಂದ ಮೂರೂವರೆ ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಲೋಕಸಭೆಗೆ ಗೆದ್ದರು. 2016ರ ಅಕ್ಟೋಬರಿನಲ್ಲಿ ಗಣಿ ಕಂಪನಿಗೆ ಸಂಬಂಧಿಸಿದ ಕಿಕ್‌ಬ್ಯಾಕ್ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು ಎಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾದೀತು. ಆದರೆ ಕೋರ್ಟು ಬಿಡುಗಡೆ ಮಾಡುವ ಐದು ವರ್ಷ ಮೊದಲೇ ಜನರ ಒಂದು ದೊಡ್ಡ ಪಾಲು ಪ್ರಶ್ನೆಯನ್ನೇ ಬಿಟ್ಟುಕೊಟ್ಟಿತ್ತು.

ಬಿಟ್ಟುಕೊಡುವ ಈ ಅಭ್ಯಾಸ ಶಾಸಕರ ರಾಜೀನಾಮೆಗೂ ಹಬ್ಬಿತು. 2019ರಲ್ಲಿ ಮುಂಬೈ ಹೋಟೆಲಿನಲ್ಲಿ ಕುಳಿತು ಎಚ್.ಡಿ. ಕುಮಾರಸ್ವಾಮಿ ಸರ್ಕಾರವನ್ನು ಬೀಳಿಸಿದ ಶಾಸಕರ ಬಗ್ಗೆ ರಾಜ್ಯವೆಲ್ಲ ಸಿಟ್ಟಾಗಿತ್ತು. ಆದರೂ ಡಿಸೆಂಬರಿನ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ರಲ್ಲಿ ಬಿಜೆಪಿ ಗೆದ್ದಿತು. ಪಕ್ಷ ಬದಲಿಸಿ ನಿಂತವರಲ್ಲಿ ಸೋತವರು ಇಬ್ಬರೇ. ಹೊಸಕೋಟೆ, ಹುಣಸೂರಿನ ಮತದಾರರು ಮಾತ್ರ ಇನ್ನೊಂದು ಉತ್ತರ ಕೊಟ್ಟರು.

ಇದುವರೆಗೆ ಐದು ವರ್ಷದ ಅವಧಿಯನ್ನು ಪೂರ್ತಿ ಮುಗಿಸಿದ ಮುಖ್ಯಮಂತ್ರಿಗಳೆಂದು ರಾಜ್ಯ ಹೆಸರಿಸುವುದು ನಿಜಲಿಂಗಪ್ಪ, ದೇವರಾಜ ಅರಸು, ಸಿದ್ದರಾಮಯ್ಯ ಮೂವರನ್ನು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೇ ಅದರಲ್ಲಿ ಮುಖ್ಯಮಂತ್ರಿಯಾಗಿ ಕೂರುವ ಮೊದಲು, 1956ರಲ್ಲಿ, ತಮ್ಮದೇ ಪಕ್ಷದವರಿಂದಾಗಿ ಕೆಳಗಿಳಿದರು. ಅಂದರೆ ರಾಜೀನಾಮೆ ಇಲ್ಲಿ ಅಪರೂಪದ ದುರಂತವಲ್ಲ, ಆಡಳಿತದ ಮಾಮೂಲು ಸಂಗತಿ. ಇಷ್ಟು ಸಲ ನಡೆಯುವ ಸಂಗತಿಗೆ ಕಣ್ಣೀರಿನ ಉತ್ತರವೊಂದೇ ಸಾಲದು.

ಸಂವಿಧಾನದಲ್ಲಿ ಹೈಕಮಾಂಡ್ ಎಂಬ ಪದವಿಲ್ಲ. ಸಚಿವ ಸಂಪುಟ ಹೊಣೆಯಾಗಿರುವುದು ವಿಧಾನಸಭೆಗೆ. ಹಾಗಿದ್ದೂ 2021ರ ಜುಲೈ 27ರ ಸಂಜೆ ಬೆಂಗಳೂರಿನ ಹೋಟೆಲೊಂದರಲ್ಲಿ ಸೇರಿದ ಬಿಜೆಪಿ ಶಾಸಕಾಂಗ ಪಕ್ಷದ ಸಭೆ, ದೆಹಲಿಯಿಂದ ಬಂದ ವೀಕ್ಷಕರ ಎದುರು, ಬಸವರಾಜ ಬೊಮ್ಮಾಯಿಯವರ ಹೆಸರನ್ನು ಒಪ್ಪಿ ಎದ್ದಿತು. ಹಿಂದಿನವರು ಯಾಕೆ ಹೋದರು ಎಂಬುದನ್ನು ಪಕ್ಷ ಜನರಿಗೆ ಬಿಡಿಸಿ ಹೇಳಲಿಲ್ಲ. ತಮ್ಮ ಮೇಲೆ ಯಾರ ಒತ್ತಡವೂ ಇರಲಿಲ್ಲ ಎಂದು ಯಡಿಯೂರಪ್ಪ ಹೇಳಿದರು. ಜನ ಅದನ್ನು ನಂಬಲಿಲ್ಲ, ಆದರೆ ನಿಜ ಕಾರಣ ಹೇಳಿ ಎಂದು ಪಟ್ಟು ಹಿಡಿಯಲೂ ಇಲ್ಲ. ಆ ಸಭೆಯಲ್ಲಿ ಕುಳಿತಿದ್ದ ಪ್ರತಿ ಶಾಸಕನೂ ಒಂದು ಕ್ಷೇತ್ರದ ಜನರಿಗೆ ಉತ್ತರ ಕೊಡಬೇಕಾದವನೇ. ಮುಂದಿನ ಸಲ, ಯಾವ ಪಕ್ಷದ ಮುಖ್ಯಮಂತ್ರಿಯೇ ಆಗಲಿ, ರಾಜಭವನದ ದಾರಿ ಹಿಡಿದಾಗ ಓದುಗರು ಟಿವಿಯ ಮುಂದೆ ಮರುಗಲಿ, ತಪ್ಪಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಶಾಸಕರ ಕಚೇರಿಗೆ ಹೋಗಿ ಎರಡು ಮಾತು ಕೇಳಲಿ: ಅವರನ್ನು ಇಳಿಸಿದ್ದು ಯಾಕೆ, ಆ ಸಭೆಯಲ್ಲಿ ನೀವು ಏನು ಹೇಳಿದಿರಿ?