ನವೆಂಬರಿನ ಕಾದಂಬರಿಕಾರರು

ನಮ್ಮ ಹೈಸ್ಕೂಲುಗಳಲ್ಲಿ ಬರವಣಿಗೆ ಎಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಅದು ಬಿಟ್ಟರೆ ಗಾದೆ ವಿಸ್ತರಣೆ, ರಜಾ ಅರ್ಜಿ. ಹತ್ತು ವರ್ಷ ಶಾಲೆಗೆ ಹೋದ ಹುಡುಗಿಗೆ ಒಂದು ಚೆಂದದ ಸುಳ್ಳು ಕಟ್ಟಿ ಬರೆಯುವ ಅವಕಾಶ ಒಮ್ಮೆಯೂ ಸಿಕ್ಕಿರುವುದಿಲ್ಲ. ಅಂಥವಳ ಮುಂದೆ ‘ತಿಂಗಳೊಳಗೆ ಕಾದಂಬರಿ ಬರೆ’ ಎಂಬ ಸವಾಲಿಟ್ಟರೆ?

ಈ ಹುಚ್ಚನ್ನು 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ ಹಚ್ಚಿದವನು ಕ್ರಿಸ್ ಬೇಟಿ. ಮೊದಲ ಸಲ ಸೇರಿದವರು 21 ಜನ. ನ್ಯಾನೊರೈಮೊ ಎಂದು ಹೆಸರಾದ ಇದರ ಲೆಕ್ಕ ಸರಳ: ನವೆಂಬರಿನ 30 ದಿನ, 50,000 ಪದ, ದಿನಕ್ಕೆ ಹೆಚ್ಚುಕಡಿಮೆ 1,667. ಶಾಲಾಮಕ್ಕಳ ವಿಭಾಗದಲ್ಲಿ ಮಾತ್ರ ಗುರಿಯನ್ನು ಮಕ್ಕಳೇ ಗೊತ್ತುಮಾಡಿಕೊಳ್ಳುತ್ತಿದ್ದರು. ದೊಡ್ಡವರ ನಿಯಮಕ್ಕಿಂತ ಇದೇ ಜಾಣತನದ್ದು. 2025ರ ಮಾರ್ಚಿನಲ್ಲಿ ಇದನ್ನು ನಡೆಸುತ್ತಿದ್ದ ಸಂಸ್ಥೆ ಬಾಗಿಲು ಹಾಕುವುದಾಗಿ ಸಾರಿತು. ಪದ್ಧತಿಗೇನೂ ಬೀಗ ಬಿದ್ದಿಲ್ಲ.

ಈ ಪದ್ಧತಿಯ ದೊಡ್ಡ ಗುಣ, ತಲೆಯೊಳಗೆ ಕೂತ ತಿದ್ದುಗಾರನನ್ನು ಒಂದು ತಿಂಗಳು ಹೊರಗೆ ಕಳಿಸುವುದು. ನಮ್ಮ ಮಕ್ಕಳ ತಿದ್ದುಗಾರ ಕೆಂಪು ಪೆನ್ನು ಹಿಡಿದೇ ಹುಟ್ಟಿದವನು. ಅಲ್ಪಪ್ರಾಣ, ಮಹಾಪ್ರಾಣದಿಂದಾಚೆ ಅವನಿಗೆ ಏನೂ ಕಾಣದು.

ಹೈದರಾಬಾದಿನ ಹೊರವಲಯದ ಶಂಶಾಬಾದಿನಂಥ ಕಡೆ ಈ ಸವಾಲಿಗೆ ಇನ್ನೂ ಒಂದು ಬೆಲೆಯಿದೆ. ಬೀದರಿನಿಂದ ಬಂದ ಮನೆಯೊಂದರ ಹುಡುಗನನ್ನು ನೆನೆಸಿಕೊಳ್ಳಿ. ಅಜ್ಜಿ ‘ಏನ್ ಮಾಡ್ಲತ್ತಿ?’ ಅನ್ನುತ್ತಾಳೆ, ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ‘ನಕ್ಕೊ’ ಅನ್ನುವ ದಖ್ಖನಿ, ತರಗತಿಯಲ್ಲಿ ಇಂಗ್ಲಿಷು. ಪ್ರಬಂಧಕ್ಕೆ ಒಂದೇ ನಾಲಿಗೆ. ಕಾದಂಬರಿಯಲ್ಲಿ ನಾಲ್ಕಕ್ಕೂ ಜಾಗವುಂಟು. ಆದರೆ ಸವಾಲನ್ನು ಇಂಗ್ಲಿಷಿನಲ್ಲಿ ಮಾತ್ರ ಒಡ್ಡಿದರೆ ಆ ಅಜ್ಜಿ ಮೊದಲ ಪುಟದಲ್ಲೇ ಮೂಕಿಯಾಗುತ್ತಾಳೆ. ಹೈದರಾಬಾದಿನದೇ ಕಾಚಿಗುಡದ ನೃಪತುಂಗ ಕನ್ನಡ ಶಾಲೆಯಂಥ ಕಡೆ ಕನ್ನಡದಲ್ಲೇ ಇದನ್ನು ಮಾಡಿ ನೋಡಬೇಕು.

ಹಾಗೆ ಮಾಡುವಾಗ ಪದ ಎಣಿಸುವುದನ್ನು ಬಿಡಬೇಕಾಗುತ್ತದೆ. ‘ಬರೆಯದಿದ್ದವರಿಗೂ’ ನಮಗೆ ಒಂದು ಪದ; ಇಂಗ್ಲಿಷಿಗೆ ಆರೇಳು ಬೇಕು. ಅವರ ಐವತ್ತು ಸಾವಿರವನ್ನು ಹಾಗೇ ಎತ್ತಿ ತಂದರೆ ಕನ್ನಡದ ಹುಡುಗ ಅದೇ ಕೂಲಿಗೆ ಹೆಚ್ಚು ದುಡಿಯಬೇಕು. ದಿನಕ್ಕೆ ಎರಡು ಪುಟ ಎಂದರೆ ಸಾಕು.

ಇದರಲ್ಲಿ ನನ್ನ ತಕರಾರು ತರಗತಿಯ ಗೋಡೆಗೆ ಅಂಟಿಸುವ ಲೆಕ್ಕದ ಪಟ್ಟಿಯ ಮೇಲೆ. ಯಾರು ಎಷ್ಟು ಬರೆದರು ಎಂದು ನಕ್ಷತ್ರ ಅಂಟಿಸತೊಡಗಿದರೆ ಅದು ರ‍್ಯಾಂಕ್ ಪಟ್ಟಿಯೇ. ಐಐಟಿ ಫೌಂಡೇಶನ್ ಕೋಚಿಂಗಿನ ಊರಿನಲ್ಲಿ ಅದಕ್ಕೆ ಬರವೇ? ಪುಟ ತುಂಬಿಸಲು ಕನಸು, ಮಳೆ, ಮತ್ತೆ ಕನಸು ಬರುತ್ತವೆ.

ನಿಜವಾದ ಪಾಠ ಬರೆದದ್ದನ್ನು ಓದುವ ಡಿಸೆಂಬರಿನದು. ನಲವತ್ತು ಮಕ್ಕಳು, ತಲೆಗೆ ಅರವತ್ತು ಪುಟ: 2,400 ಪುಟಗಳನ್ನು ಒಬ್ಬ ಮೇಷ್ಟ್ರು ಓದಲಾರರು. ನಾಲ್ಕು ನಾಲ್ಕು ಮಕ್ಕಳು ಕೂತು ತಮ್ಮತಮ್ಮಲ್ಲೇ ಓದಿಕೊಳ್ಳಲಿ. ಮೇಷ್ಟ್ರು ಪ್ರತಿಯೊಬ್ಬರದೂ ಒಂದು ಅಧ್ಯಾಯ ನೋಡಲಿ. ಯಾವ ಅಧ್ಯಾಯ ತೋರಿಸಬೇಕು, ಯಾವುದನ್ನು ಬಚ್ಚಿಡಬೇಕು ಎಂಬುದು ಬರೆದವರಿಗೇ ಬಿಟ್ಟದ್ದು.