ಗಾಳಿ ಇಳಿಸಿದರೆ ವೇಗ

ಟೈರು ಗಟ್ಟಿಯಾದಷ್ಟೂ ಸೈಕಲ್ಲು ಹಗುರವಾಗಿ ಓಡುತ್ತದೆ ಎಂಬುದು ಪ್ರಯೋಗಾಲಯದ ನುಣುಪು ಉಕ್ಕಿನ ಉರುಳೆಯ ಮೇಲೆ ನಿಜ. ಅಲ್ಲಿ ಸವಾರನಿರುವುದಿಲ್ಲ. ಸಿಯಾಟಲ್‌ನ ಯಾನ್ ಹೈನೆ ತಮ್ಮ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಗಾಗಿ ಪರೀಕ್ಷೆಯನ್ನು ರಸ್ತೆಗೇ ಒಯ್ದರು. ಹೆದ್ದಾರಿ ಅಂಚಿನ ಗಡಗಡ ಪಟ್ಟಿಗಳ ಮೇಲೂ ಸೈಕಲ್ಲು ಓಡಿಸಿ, ಎಷ್ಟು ಶಕ್ತಿ ಸೋರುತ್ತದೆಂದು ಅಳೆದರು. ಗಟ್ಟಿ ಟೈರು ಕಲ್ಲಿಗೆ ತಗುಲಿ ಪುಟಿದಾಗಲೆಲ್ಲ ಕಾಲಿನ ದುಡಿಮೆ ಮೈನಡುಕದಲ್ಲಿ ಶಾಖವಾಗಿ ಪೋಲಾಗುತ್ತದೆ. ಮೆತ್ತನೆಯದು ಕಲ್ಲನ್ನು ಒಳಗೆಳೆದುಕೊಂಡು ಸಾಗುತ್ತದೆ. ಮನುಷ್ಯದೇಹವನ್ನೂ ಲೆಕ್ಕಕ್ಕೆ ತಂದ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಕಲ್ಲುದಾರಿಗೆ ಒಂದು ಉದಾಹರಣೆ: ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ, ಈಗ ಅನ್‌ಬೌಂಡ್ ಎನ್ನುವ ಸೈಕಲ್ ಸ್ಪರ್ಧೆಯ 320 ಕಿ.ಮೀ. ದಾರಿಯ ತುಂಬ ಚೂಪು ಚಕಮಕಿ ಕಲ್ಲು. ಅಂಥಲ್ಲಿ ಅಗಲ ಟೈರಿಗೆ 30 ಪಿಎಸ್‌ಐ ಗಾಳಿಯೊತ್ತಡದ ಆಸುಪಾಸಿನಿಂದ ಆರಂಭಿಸಿ, ರಿಮ್ಮಿಗೆ ಪೆಟ್ಟು ಬೀಳದ ಮಟ್ಟಿಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಹಿಂದಿನ ಚಕ್ರಕ್ಕೆ ತುಸು ಹೆಚ್ಚಿರಲಿ, ಭಾರ ಹೆಚ್ಚು ಬೀಳುವುದು ಅದರ ಮೇಲೆಯೇ.